ಬಣ್ಣ ಬಿಡಿ, ಬಂದೂಕು ನೋಡಿ

ಪ್ರಶ್ನೆ: ಸಿವಿಲೈಸೇಶನ್ 3 ಅನ್ನೋ ಕಂಪ್ಯೂಟರ್ ಗೇಮ್‌ಗೆ, 1866ರಲ್ಲಿ ಪ್ರಷ್ಯ (ಆಗಿನ ಒಂದು ಜರ್ಮನ್ ರಾಜ್ಯ), ಆಸ್ಟ್ರಿಯ ಮಧ್ಯೆ ನಡೆದ ಯುದ್ಧದ ಎರಡೂ ಕಡೆ ಸೈನಿಕರ ಯೂನಿಟ್ (ಆಟದಲ್ಲಿ ಓಡಾಡೋ ಸೈನಿಕ ಗೊಂಬೆ) ಮಾಡ್ತಿದೀನಿ. ಕೋಟಿನ ಬಣ್ಣ ಬಿಟ್ರೆ ಎರಡೂ ಒಂದೇ ಥರ ಕಾಣ್ತಿವೆ, ಏನ್ ಮಾಡ್ಲಿ? ಇಷ್ಟು ಹಳೇ ಗೇಮ್‌ಗೆ ಟೈಮ್ ವೇಸ್ಟ್ ಮಾಡ್ತೀಯ ಅಂತ ಫ್ರೆಂಡ್ಸ್ ಬೇರೆ ಬೈತಾರೆ.

ಉತ್ತರ: ಕೋಟು ಆಮೇಲೆ, ಮೊದ್ಲು ಬಂದೂಕು ನೋಡಿ. ಪ್ರಷ್ಯದವರ ಹತ್ರ ಇದ್ದಿದ್ದು ಡ್ರೈಸೆ ನೀಡಲ್ ಗನ್, ಗುಂಡು ಹಿಂದಿನಿಂದ ತುಂಬೋದು, ಹಂಗಾಗಿ ಮಲ್ಕೊಂಡೇ ಲೋಡ್ ಮಾಡಿ ಪಟಪಟ ಹೊಡೀಬಹುದಿತ್ತು, ಆಸ್ಟ್ರಿಯದವರ ಲೊರೆನ್ಜ್ ರೈಫಲ್‌ಗಾದ್ರೆ ನಳಿಕೆ ಬಾಯಿಂದ ಸಲಾಕೆ ಹಾಕಿ ತುರುಕ್ಬೇಕು, ಅದಕ್ಕೆ ನಿಂತ್ಕೊಂಡಿರೋದೇ ವಾಸಿ. ನಿಮ್ಮ ಅನಿಮೇಶನ್ ಅಲ್ಲೇ ಇದೆ ನೋಡಿ! ಒಬ್ಬನ್ನ ಮಲಗಿಸಿ, ಇನ್ನೊಬ್ಬನ್ನ ನಿಲ್ಲಿಸಿ. ಆದ್ರೆ ಲೊರೆನ್ಜ್ ದೂರಕ್ಕೆ ಹೊಡೀತಿತ್ತು, ಅದನ್ನ ಪೂರ್ತಿ ಡಬ್ಬಾ ಯೂನಿಟ್ ಮಾಡ್ಬೇಡಿ, ಅನ್ಯಾಯ ಆಗತ್ತೆ.

ಈ ಗೇಮ್‌ನ ಎಫ್‌ಎಲ್‌ಸಿ ಫೈಲಲ್ಲಿ (ಯೂನಿಟ್‌ನ ಅನಿಮೇಶನ್ ಇರೋ ಫೈಲು) 256 ಬಣ್ಣ, 8 ದಿಕ್ಕು ಅಷ್ಟೇ, ಅದ್ರಲ್ಲೂ ಒಂದಷ್ಟು ಬಣ್ಣ ಆಟಗಾರನ ದೇಶಕ್ಕೆ ತಕ್ಕಂಗೆ ಬದಲಾಗತ್ತೆ, ಅದನ್ನ ಕಾಲರ್, ಚೀಲಕ್ಕೆ ಇಟ್ಕೊಳ್ಳಿ. ಗುಂಡಿ, ಪಟ್ಟಿ ಎಲ್ಲಾ ಬರೆಯೋಕೆ ಹೋಗ್ಬೇಡಿ, ಅಷ್ಟು ಸಣ್ಣ ಸೈಜಲ್ಲಿ ಯಾರಿಗೂ ಕಾಣಲ್ಲ. ಮೊನೆ ಇರೋ ಪ್ರಷ್ಯನ್ ಹೆಲ್ಮೆಟ್ ಮಾತ್ರ ಸ್ವಲ್ಪ ದೊಡ್ಡದಾಗೇ ಇರ್ಲಿ.

ಫ್ರೆಂಡ್ಸ್ ಮಾತು ಬಿಡಿ. ಹಳೇ ಸಿಆರ್‌ಟಿ ಮಾನಿಟರ್ (ಹಿಂದೆ ಉದ್ದ ಗಾಜಿನ ಟ್ಯೂಬ್ ಇರೋ ದಪ್ಪ ಪರದೆ) ಸಿಕ್ರೆ ಅದ್ರಲ್ಲಿ ಒಮ್ಮೆ ಓಡ್ಸಿ ನೋಡಿ, ಪಿಕ್ಸೆಲ್ ಅಂಚುಗಳು ಮೆತ್ತಗಾಗಿ ಬೆರ್ತು ಸೈನಿಕ ಎಷ್ಟೋ ಚೆನ್ನಾಗಿ ಕಾಣ್ತಾನೆ.