ರಾರಿಟನ್ ಕೊಲ್ಲಿಯಲ್ಲಿ ದೋಣಿಯಿಂದ ಫ್ಲೂಕ್ ಹಿಡಿಯಲು ಹೋದರೆ ಬರೀ ಮರಿಗಳು, ಸ್ಕೇಟ್‌ಗಳೇ ಸಿಗುವುದೇಕೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನೆಲೆಸಿರುವ ನೀವು ಸಹೋದ್ಯೋಗಿಯೊಬ್ಬರ ಪುಟ್ಟ ದೋಣಿಯಲ್ಲಿ ಕಳೆದ ಬೇಸಿಗೆಯಲ್ಲಿ ಹಲವು ಸಲ ರಾರಿಟನ್ ಕೊಲ್ಲಿಗೆ ಫ್ಲೂಕ್ ಎಂಬ ಚಪ್ಪಟೆ ಮೀನನ್ನು ಹಿಡಿಯಲು ಹೋಗಿದ್ದೀರಿ. ನಿಯಮದ ಅಳತೆಗೆ ಬರುವ ಮೀನು ಒಂದೂ ಸಿಕ್ಕಿಲ್ಲ, ಸಿಕ್ಕಿದ್ದೆಲ್ಲ ಮರಿಗಳು, ತೊರಕೆಯಂಥ ಸ್ಕೇಟ್ ಮತ್ತು ಮುಳ್ಳುತಲೆಯ ಸೀ ರಾಬಿನ್ ಮೀನುಗಳು. ಆದ್ದರಿಂದ ಎರೆ ಬದಲಾಯಿಸಬೇಕೇ, ಇಲ್ಲವೇ ತಲೆಗಿಷ್ಟೆಂದು ಹಣ ಕೊಟ್ಟು ಹಲವರು ಒಟ್ಟಿಗೆ ಹೋಗುವ ಪಾರ್ಟಿ ಬೋಟಿನಲ್ಲಿ ಹೋಗಿ ಮೊದಲು ಕಲಿತುಕೊಳ್ಳಬೇಕೇ ಎಂದು ಕೇಳಿದ್ದೀರಿ. ಎರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ನೀವು ಬರೆದಿರುವುದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಕೆಲವೊಮ್ಮೆ ಲಂಗರು ಹಾಕಿ ಕೂತೆವು, ಕೆಲವೊಮ್ಮೆ ಗಾಳಿ ಒಯ್ದ ಕಡೆಗೆ ಹೋದೆವು’ ಎಂಬ ಮಾತು. ತೊಂದರೆ ಇರುವುದು ಅಲ್ಲಿಯೇ. ಫ್ಲೂಕ್ ಹಿಡಿಯುವುದೆಂದರೆ ಬಹುಪಾಲು ದೋಣಿಯನ್ನು ಸರಿಯಾದ ವೇಗದಲ್ಲಿ, ಸರಿಯಾದ ಜಾಗದ ಮೇಲೆ ತೇಲಿಸುವ ಕೆಲಸ. ಗಾಳದ ತುದಿಯಲ್ಲಿ ಏನಿದೆ ಎಂಬುದು ಅದರ ನಂತರದ ಪ್ರಶ್ನೆ.

ಮೊದಲು ಮೀನಿನ ಸ್ವಭಾವವನ್ನು ತಿಳಿದುಕೊಳ್ಳಬೇಕು. ನೀವು ನಮ್ಮ ಕರಾವಳಿಯ ಕಡೆಯವರಾಗಿದ್ದರೆ ನಂಗು ಮೀನನ್ನು ಕಂಡಿರುತ್ತೀರಿ. ಅದೂ ಚಪ್ಪಟೆ ಮೀನೇ, ಆದರೆ ಅದರ ಬಾಯಿ ಕಿರಿದು, ಕೆಸರಿನ ಹುಳು-ಹುಪ್ಪಟೆ ಅದರ ಆಹಾರ. ಫ್ಲೂಕ್ ಹಾಗಲ್ಲ. ಹುಟ್ಟುವಾಗ ಎಲ್ಲ ಮೀನುಗಳಂತೆ ತಲೆಯ ಎರಡೂ ಪಕ್ಕಗಳಲ್ಲಿ ಒಂದೊಂದು ಕಣ್ಣಿರುವ ಅದರ ಮರಿ ಬೆಳೆಯುತ್ತ ಬಂದಂತೆ ಬಲಗಣ್ಣು ಎಡಮಗ್ಗುಲಿಗೆ ಸರಿದು, ಆಮೇಲೆ ಅದು ಬಲಮಗ್ಗುಲನ್ನು ನೆಲಕ್ಕೆ ಹಾಕಿಯೇ ಬದುಕುತ್ತದೆ. ತಳದ ಮರಳಿನ ಬಣ್ಣಕ್ಕೆ ತಕ್ಕಂತೆ ಮೈಬಣ್ಣವನ್ನು ಬದಲಿಸಿಕೊಂಡು, ಮೈಮೇಲೆ ತೆಳುವಾಗಿ ಮರಳು ಎಳೆದುಕೊಂಡು, ಹರಿಯುವ ನೀರಿಗೆ ಮುಖ ಮಾಡಿ ಹೊಂಚು ಹಾಕಿ ಮಲಗಿರುವ ಬೇಟೆಗಾರ ಅದು. ಬಾಯಿ ಅಗಲ, ಹಲ್ಲು ಚೂಪು. ನೀರು ಹೊತ್ತು ತರುವ ಸಣ್ಣ ಮೀನನ್ನೋ ಬೊಂಡಾಸವನ್ನೋ (ಸ್ಕ್ವಿಡ್) ಕಂಡರೆ ತಳ ಬಿಟ್ಟು ಮೇಲೆದ್ದು ಬೆನ್ನಟ್ಟಿ ಹಿಡಿಯುತ್ತದೆ.

ಹೊಂಚು ಹಾಕುವ ಮೀನು ನಿಮ್ಮನ್ನು ಹುಡುಕಿಕೊಂಡು ದೂರದಿಂದ ಬರುವುದಿಲ್ಲ, ನೀವೇ ಅದರ ಮುಂದೆ ಹಾದುಹೋಗಬೇಕು. ಲಂಗರು ಹಾಕಿದ ದೋಣಿಯಿಂದ ಇಳಿಬಿಟ್ಟ ಎರೆ ಒಂದೇ ಕಡೆ ಬಿದ್ದಿರುತ್ತದೆ, ಅದರ ವಾಸನೆ ಹಿಡಿದು ಬರುವವು ಸ್ಕೇಟ್, ಏಡಿ, ಡಾಗ್‌ಫಿಶ್ ಎಂಬ ಸಣ್ಣ ಶಾರ್ಕ್ ಮುಂತಾದವು. ಆದ್ದರಿಂದ ಮೇಲಿಂದ ಮೇಲೆ ಸ್ಕೇಟ್ ಬರುತ್ತಿದ್ದರೆ ಎರೆಯನ್ನು ದೂರುವ ಮೊದಲು ದೋಣಿ ತೀರ ನಿಧಾನವಾಗಿದೆಯೇ ಅಥವಾ ನಿಂತೇಬಿಟ್ಟಿದೆಯೇ ಎಂದು ನೋಡಿಕೊಳ್ಳಿ.

ಎಂಜಿನ್ ನಿಲ್ಲಿಸಿ ದೋಣಿಯನ್ನು ನೀರಿನ ಸೆಳೆತಕ್ಕೂ ಗಾಳಿಗೂ ಬಿಟ್ಟು ತೇಲಿಸುವುದನ್ನು ಇಲ್ಲಿಯವರು ಡ್ರಿಫ್ಟ್ ಎನ್ನುತ್ತಾರೆ. ಜಿಪಿಎಸ್‌ನಲ್ಲಿ ಕಾಣುವ ವೇಗ ಗಂಟೆಗೆ ಸುಮಾರು 0.7ರಿಂದ 1.2 ಮೈಲಿ ಇದ್ದರೆ ಅದು ನನ್ನ ದೃಷ್ಟಿಯಲ್ಲಿ ಒಳ್ಳೆಯ ಡ್ರಿಫ್ಟ್. ಇಳಿತವೂ ಗಾಳಿಯೂ ಒಂದೇ ದಿಕ್ಕಿನಲ್ಲಿದ್ದರೆ ದೋಣಿ ಓಡತೊಡಗುತ್ತದೆ, ದಾರ ಓರೆಯಾಗಿ ಹಿಂದಕ್ಕೆ ಚಾಚಿಕೊಂಡು ಸೀಸದ ಗುಂಡು ತಳವನ್ನು ಬಿಟ್ಟು ಮೇಲೇಳುತ್ತದೆ, ಎಷ್ಟು ದಾರ ಬಿಟ್ಟರೂ ತಳ ಮುಟ್ಟಿದ ಅನುಭವವಾಗುವುದಿಲ್ಲ. ಆಗ ಡ್ರಿಫ್ಟ್ ಸಾಕ್ ಎಂಬ, ನೀರಿನಲ್ಲಿ ಅರಳಿಕೊಳ್ಳುವ ಬಟ್ಟೆಯ ಚೀಲವನ್ನು ದೋಣಿಯ ನಡುಭಾಗಕ್ಕೆ ಕಟ್ಟಿ ಇಳಿಬಿಟ್ಟರೆ ಅದು ದೋಣಿಯನ್ನು ಹಿಡಿದೆಳೆದು ವೇಗ ತಗ್ಗಿಸುತ್ತದೆ. ಗಾಳಿ ಒಂದು ಕಡೆಯಿಂದಲೂ ಸೆಳೆತ ಅದರ ಎದುರಿನಿಂದಲೂ ಬಂದರೆ ಇದಕ್ಕೆ ತದ್ವಿರುದ್ಧವಾಗುತ್ತದೆ: ದೋಣಿ ಇದ್ದಲ್ಲೇ ಇರುತ್ತದೆ, ದಾರ ದೋಣಿಯ ಅಡಿಗೆ ನುಗ್ಗುತ್ತದೆ, ಸ್ಕೇಟ್‌ಗಳ ಮೆರವಣಿಗೆ ಶುರುವಾಗುತ್ತದೆ. ಇಂಥ ಹೊತ್ತಿನಲ್ಲಿ ಎಂಜಿನನ್ನು ಆಗಾಗ ಒಂದೆರಡು ಕ್ಷಣ ಗೇರಿಗೆ ಹಾಕಿ ದೋಣಿಯನ್ನು ಸೆಳೆತದ ದಿಕ್ಕಿಗೆ ಮೆಲ್ಲನೆ ನೂಕುತ್ತಿರಬೇಕು. ಪೆಟ್ರೋಲ್ ಸುಡುವುದು ಬೇಸರವೆನಿಸಿದರೂ ನಿಂತ ದೋಣಿಯಲ್ಲಿ ಕೂರುವುದಕ್ಕಿಂತ ಇದು ಮೇಲು. ಭರತ-ಇಳಿತಗಳ ನಡುವೆ ನೀರು ನಿಂತುಬಿಡುವ ಸ್ವಲ್ಪ ಹೊತ್ತನ್ನು ಮಾತ್ರ ಯಾವ ಉಪಾಯವೂ ಸರಿಪಡಿಸುವುದಿಲ್ಲ. ಬುತ್ತಿ ಬಿಚ್ಚಲು ಅದು ಸರಿಯಾದ ಸಮಯ.

ದೋಣಿ ಅಡ್ಡಲಾಗಿ ತೇಲುವಾಗ ಅದು ಸಾಗುವ ದಿಕ್ಕಿಗೆ ಹಿಂಬದಿಯಾಗುವ ಅಂಚಿನಿಂದ ದಾರ ಇಳಿಬಿಡಿ. ಮುಂಬದಿಯಿಂದ ಬಿಟ್ಟರೆ ದೋಣಿಯೇ ದಾರದ ಮೇಲೆ ಹಾದು ಎಲ್ಲವೂ ಸಿಕ್ಕುಸಿಕ್ಕಾಗುತ್ತದೆ. ಗುಂಡಿನ ತೂಕಕ್ಕೆ ಇಲ್ಲಿ ಚಾಲ್ತಿಯಲ್ಲಿರುವ ಲೆಕ್ಕ ಹತ್ತು ಅಡಿ ಆಳಕ್ಕೆ ಒಂದು ಔನ್ಸ್, ಸೆಳೆತ ಹೆಚ್ಚಿದ್ದರೆ ಅದಕ್ಕಿಂತ ತುಸು ಹೆಚ್ಚು. ದಾರ ನೀರಿಗೆ ನೆಟ್ಟಗೆ ಇಳಿಯಬೇಕೆಂದಿಲ್ಲ, ಆದರೆ 45 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಗುಂಡು ಹಗುರವಾಯಿತೆಂದೋ ದೋಣಿ ವೇಗವಾಯಿತೆಂದೋ ತಿಳಿಯಬೇಕು.

ಎಲ್ಲಿ ತೇಲಬೇಕು ಎಂಬುದು ಇದರ ಇನ್ನರ್ಧ. ಸಮತಟ್ಟಾದ ತಳದ ಮೇಲೆ ಮೈಲಿಗಟ್ಟಲೆ ತೇಲಿದರೆ ಸಣ್ಣ ಮೀನುಗಳು ಸಿಗಬಹುದು. ದೊಡ್ಡವು ಇರುವುದು ಆಳ ಬದಲಾಗುವ ಕಡೆ, ಅಂದರೆ ಹಡಗು ಕಾಲುವೆಯ ಅಂಚು, ಮರಳು ದಿಬ್ಬದ ಇಳಿಜಾರು, ಕಲ್ಲು ಮತ್ತು ಮರಳು ಸೇರುವ ಜಾಗಗಳಲ್ಲಿ. ಕೊಲ್ಲಿಯ ಬಾಯಲ್ಲಿ ಕಡಲಿಗೆ ಚಾಚಿದ ಮರಳು ನಾಲಗೆಯಾದ ಸ್ಯಾಂಡಿ ಹುಕ್‌ನ ತುದಿಯ ಬಳಿಯಿರುವ ಫ್ಲಿನ್ಸ್ ನೋಲ್, ಅದರಾಚೆಯ ರೋಮರ್ ಶೋಲ್, ಆಂಬ್ರೋಸ್ ಕಾಲುವೆಯ ಅಂಚುಗಳು ಇದಕ್ಕೇ ಹೆಸರಾದವು. ಒಂದು ಮೀನು ಸಿಕ್ಕ ತಕ್ಷಣ ಆ ಬಿಂದುವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿ, ಮೀನು ಕಚ್ಚುವುದು ನಿಂತು ಸ್ವಲ್ಪ ದೂರ ತೇಲಿದ ಮೇಲೆ, ತೇಲಿ ಬಂದ ದಾರಿಯ ಮೇಲೆಯೇ ಎಂಜಿನ್ ಓಡಿಸದೆ ಬಳಸಿಕೊಂಡು ಮೇಲಕ್ಕೆ ಹೋಗಿ ಮತ್ತೆ ಅದೇ ಗೆರೆಯ ಮೇಲೆ ತೇಲಿ ಬನ್ನಿ. ಕೊಲ್ಲಿಯಲ್ಲಿ ನಾನು ಕಂಡಿರುವ ಹವ್ಯಾಸಿಗಳಲ್ಲಿ ಬಹಳಷ್ಟು ಮಂದಿ ಮಾಡದ ಕೆಲಸ ಇದು. ಆಂಬ್ರೋಸ್‌ನಲ್ಲಿ ಒಂದು ಎಚ್ಚರ ಬೇಕು: ನ್ಯೂಯಾರ್ಕ್ ಬಂದರಿಗೆ ಹೋಗುವ ಕಂಟೇನರ್ ಹಡಗುಗಳ ಹೆದ್ದಾರಿ ಅದು, ಅವು ನಿಮಗಾಗಿ ನಿಲ್ಲಲಾರವು, ದಾರಿ ಬಿಡಬೇಕಾದವರು ನೀವೇ.

ಋತುವಿನ ಲೆಕ್ಕವೂ ಇದೆ. ಫ್ಲೂಕ್ ಚಳಿಗಾಲವನ್ನು ಭೂಖಂಡದ ಅಂಚಿನ ಆಳದಲ್ಲಿ ಕಳೆದು ವಸಂತದಲ್ಲಿ ಅಳಿವೆ-ಹಿನ್ನೀರುಗಳಿಗೆ ಬರುತ್ತದೆ, ಶರತ್ಕಾಲದಲ್ಲಿ ಮೊಟ್ಟೆಯಿಡುತ್ತ ಮತ್ತೆ ಹೊರಕಡಲಿಗೆ ಹೊರಡುತ್ತದೆ. ಮೇ ತಿಂಗಳಲ್ಲಿ ಕಡಲು ಇನ್ನೂ ತಣ್ಣಗಿರುವಾಗ, ಬಿಸಿಲಿಗೆ ಕಾದ ಹಿನ್ನೀರು ಹೊರಗೆ ಹರಿಯುವ ಮಧ್ಯಾಹ್ನದ ಇಳಿತದ ಹೊತ್ತು ಅತ್ಯುತ್ತಮ. ಜುಲೈ-ಆಗಸ್ಟ್ ಹೊತ್ತಿಗೆ ದೊಡ್ಡ ಮೀನುಗಳು ಅಳಿವೆಗಳಿಗೂ ಅಲ್ಲಿಂದ ಹೊರಗೆ ಶ್ರೂಸ್‌ಬರಿ ರಾಕ್ಸ್‌ನಂಥ ಕಲ್ಲುತಳಗಳಿಗೂ, ನ್ಯೂಜೆರ್ಸಿ ಸರ್ಕಾರ ಹಳೆಯ ಹಡಗು, ಸೇನಾ ಟ್ಯಾಂಕು, ನ್ಯೂಯಾರ್ಕಿನ ಸುರಂಗ ರೈಲಿನ ಡಬ್ಬಿ ಮುಂತಾದವನ್ನು ಮುಳುಗಿಸಿ ಮಾಡಿರುವ ಕೃತಕ ದಿಬ್ಬಗಳಿಗೂ ಸರಿಯುತ್ತವೆ. ನೀವು ಆಗಸ್ಟ್‌ನಲ್ಲೂ ಕೊಲ್ಲಿಯ ಒಳಗಿನ ಆಳವಿಲ್ಲದ ನೀರಿನಲ್ಲೇ ಉಳಿದಿದ್ದರೆ ಮರಿಗಳಷ್ಟೇ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಚಿಕ್ಕ ದೋಣಿಯಲ್ಲಿ ಹೊರಕ್ಕೆ ಹೋಗುವ ಮುನ್ನ ಗಾಳಿಯ ಮುನ್ಸೂಚನೆ ನೋಡಿ, ಇಳಿತದ ಸೆಳೆತಕ್ಕೆ ಎದುರುಗಾಳಿ ಸಿಕ್ಕರೆ ಅಳಿವೆಯ ಬಾಯಲ್ಲಿ ಅಲೆಗಳು ಕಡಿದಾಗಿ ನಿಲ್ಲುತ್ತವೆ.

ಈಗ ಎರೆ. ಬೊಂಡಾಸದ ಪಟ್ಟಿ, ಸ್ಪಿಯರಿಂಗ್ ಎಂಬ ಬೆಳ್ಳಿ ಬಣ್ಣದ ಪುಟ್ಟ ಮೀನು, ಜೀವಂತ ಕಿಲ್ಲಿ ಮೀನು, ಇವು ಮೂರೂ ಇಲ್ಲಿನ ಬೇಟ್ ಅಂಗಡಿಗಳಲ್ಲಿ ಸಿಗುತ್ತವೆ, ಮೂರೂ ನಡೆಯುತ್ತವೆ. ದೊಡ್ಡ ಮೀನು ಬೇಕಿದ್ದರೆ ಎರೆಯೂ ದೊಡ್ಡದಿರಲಿ: ಐದಾರು ಇಂಚು ಉದ್ದದ, ತುದಿಗೆ ಚೂಪಾಗುವಂತೆ ತೆಳ್ಳಗೆ ಕೊಯ್ದ ಪಟ್ಟಿ ನೀರಿನಲ್ಲಿ ಬಳುಕಬೇಕೇ ಹೊರತು ತಿರುಗಬಾರದು. ನೀವು ಬೈದು ಬಿಸಾಡಿದ ಸೀ ರಾಬಿನ್‌ನ ಹೊಟ್ಟೆಯ ಭಾಗದಿಂದಲೂ ಗಟ್ಟಿಯಾದ ಒಳ್ಳೆಯ ಪಟ್ಟಿ ಆಗುತ್ತದೆ, ಅದರ ತಲೆಯ ಮುಳ್ಳುಗಳಿಂದ ಕೈ ಕಾಪಾಡಿಕೊಳ್ಳಿ. ನಾನು ಹೆಚ್ಚಾಗಿ ಬಳಸುವುದು ಬಕ್‌ಟೇಲ್ ಜಿಗ್, ಅಂದರೆ ಜಿಂಕೆಯ ಬಾಲದ ಕೂದಲು ಕಟ್ಟಿದ ಸೀಸದ ತಲೆಯ ಗಾಳ. ಅದರ ಮೇಲೆ ಒಂದು, ಒಂದೂವರೆ ಅಡಿ ಎತ್ತರದಲ್ಲಿ ಇನ್ನೊಂದು ಬರಿಯ ಗಾಳ ಕಟ್ಟಿ, ಎರಡಕ್ಕೂ ಗಲ್ಪ್ ಎಂಬ ಕೃತಕ ಎರೆಯನ್ನು ಚುಚ್ಚುತ್ತೇನೆ. ಕೋಲು ಏಳಡಿಯ ಆಸುಪಾಸು, ಹಗುರವಾದದ್ದು. ದಾರ 15ರಿಂದ 20 ಪೌಂಡ್ ಎಳೆತ ತಾಳುವ ಹೆಣೆದ ದಾರ. ಕೊನೆಯ ಮೂರ್ನಾಲ್ಕು ಅಡಿ ನೀರಿನಲ್ಲಿ ಅಷ್ಟಾಗಿ ಕಾಣದ ಫ್ಲೋರೋಕಾರ್ಬನ್ ದಾರ. ಜಿಗ್ಗನ್ನು ಅಬ್ಬರದಿಂದ ಕುಣಿಸಬೇಡಿ, ತಳವನ್ನು ತಟ್ಟಿ ತಟ್ಟಿ ಏಳುವಷ್ಟು ಮಣಿಕಟ್ಟಿನ ಚಲನೆ ಸಾಕು.

ಜಿಗ್‌ಗೆ ಕಚ್ಚಿದರೆ ತಕ್ಷಣ ಕೋಲೆತ್ತಿ. ಬೊಂಡಾಸದ ಉದ್ದ ಪಟ್ಟಿಗೆ ಕಚ್ಚಿದಾಗ ಮಾತ್ರ ಕೋಲಿನ ತುದಿಯನ್ನು ಮೀನಿನ ಕಡೆಗೆ ತಗ್ಗಿಸಿ, ಭಾರ ಗಟ್ಟಿಯಾಗಿ ಕೈಗೆ ಬರುವವರೆಗೆ ತಾಳಿ ಎತ್ತಬೇಕು, ಏಕೆಂದರೆ ಫ್ಲೂಕ್ ಮೊದಲು ಪಟ್ಟಿಯ ಬಾಲವನ್ನಷ್ಟೇ ಹಿಡಿದಿರುತ್ತದೆ. ಮೇಲೆ ಬಂದ ಮೀನಿನ ತಲೆಯನ್ನು ನೀರಿನಿಂದ ಹೊರಗೆ ಎತ್ತಬೇಡಿ, ಆ ಕ್ಷಣದಲ್ಲಿ ಅದು ಒದ್ದಾಡಿ ಗಾಳವನ್ನು ಕೊಡವಿಕೊಳ್ಳುತ್ತದೆ. ಕೈಬಲೆಯನ್ನು ನೀರಿನಲ್ಲಿ ಹಿಡಿದುಕೊಂಡು ಮೀನನ್ನು ತಲೆ ಮುಂದಾಗಿ ಅದರೊಳಕ್ಕೆ ನಡೆಸಬೇಕು.

ನಿಯಮಗಳ ವಿಷಯದಲ್ಲಿ ನಿರ್ಲಕ್ಷ್ಯ ಬೇಡ. ನ್ಯೂಜೆರ್ಸಿಯಲ್ಲಿ ಕಡಲ ಮೀನಿಗೆ ಲೈಸೆನ್ಸ್ ಶುಲ್ಕವಿಲ್ಲ, ಆದರೆ ಪ್ರತಿವರ್ಷ ಉಚಿತ ನೋಂದಣಿ ಮಾಡಿಸಲೇಬೇಕು. 2024 ಮತ್ತು 2025ರಲ್ಲಿ ರಾಜ್ಯದ ಬಹುತೇಕ ನೀರಿನಲ್ಲಿ ಫ್ಲೂಕ್ ಹಿಡಿಯುವ ಋತು ಮೇ 4ರಿಂದ ಸೆಪ್ಟೆಂಬರ್ 25ರವರೆಗೆ, ಕನಿಷ್ಠ ಉದ್ದ 18 ಇಂಚು, ತಲೆಗೆ ದಿನಕ್ಕೆ ಮೂರು ಮೀನು ಎಂದಿತ್ತು. ಇದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹೊರಡುವ ಮೊದಲು ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಪುಟವನ್ನು ನೋಡಿ. ಕೊಲ್ಲಿಯ ಸ್ಟೇಟನ್ ಐಲೆಂಡ್ ಮಗ್ಗುಲು ನ್ಯೂಯಾರ್ಕಿಗೆ ಸೇರಿದ್ದು, ಅಲ್ಲಿನ ಅಳತೆ ಬೇರೆ. ನಿಮ್ಮಂಥವರ ಖಾಸಗಿ ದೋಣಿಯಲ್ಲಿ ಮೀನನ್ನು ಕೊಯ್ದು ತುಂಡು ಮಾಡುವಂತಿಲ್ಲ, ದಡಕ್ಕೆ ಇಡಿಯಾಗಿ ತರಬೇಕು.

18 ಇಂಚಿಗಿಂತ ದೊಡ್ಡ ಫ್ಲೂಕ್‌ಗಳಲ್ಲಿ ಬಹುಪಾಲು ಹೆಣ್ಣುಗಳು. ಹೀಗಾಗಿ ಕನಿಷ್ಠ ಉದ್ದವನ್ನು ಏರಿಸಿದಷ್ಟೂ ನಾವು ಮೊಟ್ಟೆಯಿಡುವ ಮೀನುಗಳನ್ನೇ ಆರಿಸಿ ಕೊಂದಂತಾಗುತ್ತದೆ. 2022 ಮತ್ತು 2023ರಲ್ಲಿ ರಾಜ್ಯವು 17ರಿಂದ 17.99 ಇಂಚಿನ ಎರಡು ಮೀನು ಮತ್ತು 18ರ ಮೇಲಿನ ಒಂದೇ ಮೀನು ಎಂಬ ನಿಯಮ ಮಾಡಿತ್ತು. ತೂಗಾಡುವ ದೋಣಿಯಲ್ಲಿ ಒಂದು ಇಂಚಿನೊಳಗಿನ ಅಳತೆ ಹಿಡಿಯುವುದು ಕಷ್ಟವೆಂದು ಹಲವರು ಗೊಣಗಿದರೂ ನನಗೆ ಅದೇ ವಿವೇಕದ ನಿಯಮವೆನಿಸಿತ್ತು. ಮೀನಿನ ಸಂಖ್ಯೆ ಇಳಿದುದರಿಂದ 2024ಕ್ಕೆ ಹವ್ಯಾಸಿಗಳು ಹಿಡಿಯುವ ಪ್ರಮಾಣವನ್ನು ಶೇಕಡ 28ರಷ್ಟು ತಗ್ಗಿಸಬೇಕಾಯಿತು, ಆ ನಿಯಮ ಹೋಯಿತು. ಬಿಟ್ಟ ಮೀನುಗಳಲ್ಲೂ ಶೇಕಡ 10ರಷ್ಟು ಸಾಯುತ್ತವೆ ಎಂದು ವಿಜ್ಞಾನಿಗಳು ಲೆಕ್ಕ ಹಿಡಿಯುತ್ತಾರೆ. ನೀವು ಬಿಟ್ಟ ಮರಿಗಳಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ಮರಿಗಳ ಬಾಯಿಗೆ ಸುಲಭವಾಗಿ ಹೋಗದ ದೊಡ್ಡ ಗಾಳ ಬಳಸಿ, ಒದ್ದೆ ಕೈಯಲ್ಲಿ ಹಿಡಿಯಿರಿ, ಗಾಳ ಗಂಟಲಿಗೆ ಇಳಿದಿದ್ದರೆ ಎಳೆಯದೆ ದಾರವನ್ನೇ ಕತ್ತರಿಸಿ ಬಿಡಿ.

ಪಾರ್ಟಿ ಬೋಟಿನ ಬಗ್ಗೆ ಕೇಳಿದ್ದಿರಿ. ಖಂಡಿತ ಹೋಗಿ. ನಿಮ್ಮ ಊರಿಗೆ ಅಟ್ಲಾಂಟಿಕ್ ಹೈಲ್ಯಾಂಡ್ಸ್ ಹತ್ತಿರ, ಬೆಲ್ಮಾರ್ ಮತ್ತು ಪಾಯಿಂಟ್ ಪ್ಲೆಸೆಂಟ್‌ಗಳಿಂದಲೂ ಹೊರಡುತ್ತವೆ. ಕೋಲು, ಎರೆ ಅಲ್ಲೇ ಸಿಗುತ್ತವೆ, ಹಿಡಿದ ಮೀನನ್ನು ಸಿಬ್ಬಂದಿ ಕೊಯ್ದು ಕೊಡುತ್ತಾರೆ, ಅವರಿಗೆ ಭಕ್ಷೀಸು ಕೊಡುವುದು ವಾಡಿಕೆ. ವಾರದ ನಡುವಿನ ದಿನ ಹೋದರೆ ಜನ ಕಡಿಮೆ. ಕ್ಯಾಪ್ಟನ್ ಪ್ರತಿ ಡ್ರಿಫ್ಟನ್ನು ಎಲ್ಲಿಂದ ಶುರು ಮಾಡುತ್ತಾರೆ, ಎಷ್ಟು ಆಳದಿಂದ ಎಷ್ಟು ಆಳಕ್ಕೆ ತೇಲಿಸುತ್ತಾರೆ, ಯಾವಾಗ ದಾರ ಎಳೆಯಿರೆಂದು ಹೇಳಿ ಮತ್ತೆ ಮೇಲಕ್ಕೆ ಒಯ್ಯುತ್ತಾರೆ ಎಂಬುದನ್ನು ಫೋನಿನ ನಕ್ಷೆಯಲ್ಲಿ ಗಮನಿಸುತ್ತ ಹೋಗಿ. ಹಿಡಿದ ಮೀನನ್ನು ತಕ್ಷಣ ಮಂಜುಗಡ್ಡೆಯ ಡಬ್ಬಿಗೆ ಹಾಕಿ, ಹಿಂದಿರುಗುವಾಗ ಮೂಳೆಯನ್ನೂ ಕೇಳಿ ತನ್ನಿ. ಫ್ಲೂಕ್‌ನ ತಲೆ ಮತ್ತು ಮೂಳೆಯ ಸಾರಿಗೆ ಹುಳಿ, ಒಣಮೆಣಸು, ತೆಂಗಿನಕಾಯಿ ಬಿದ್ದರೆ, ರವೆ ಹಚ್ಚಿ ಹುರಿದ ತುಂಡಿಗಿಂತ ಅದೇ ಮೊದಲು ಖಾಲಿಯಾಗುತ್ತದೆ.