ಡಬ್ಬಿಯಲ್ಲೇ ಕೆಡುವ ಪಾಲಿಯುರೆಥೇನ್ ಡಿಸ್ಪರ್ಷನ್

ಪ್ರಶ್ನೆ: ಪಾಲಿಯೆಸ್ಟರ್ ಪಾಲಿಯಾಲ್ (ಪಾಲಿಮರ್ ಸರಪಳಿಯ ಮುಖ್ಯ ಕಚ್ಚಾವಸ್ತು), ಐಪಿಡಿಐ (ಅದನ್ನು ಬೆಸೆಯುವ ಐಸೊಸಯನೇಟ್) ಮತ್ತು ಡಿಎಂಪಿಎ (ಕಣಗಳನ್ನು ನೀರಿನಲ್ಲಿ ಹರಡಿಡಲು ನೆರವಾಗುವ ಆಮ್ಲ) ಬಳಸಿ, ಟ್ರೈಇಥೈಲ್ ಅಮೈನ್‌ನಿಂದ ತಟಸ್ಥಗೊಳಿಸಿ ಜಲಾಧಾರಿತ ಪಾಲಿಯುರೆಥೇನ್ ಡಿಸ್ಪರ್ಷನ್ (ನೀರಿನಲ್ಲಿ ಹರಡಿದ ಸೂಕ್ಷ್ಮ ಪಾಲಿಮರ್ ಕಣಗಳ ದ್ರವ) ತಯಾರಿಸಿದ್ದೇವೆ. ಮೊದಲು ನೀಲಿ ಛಾಯೆಯ ಅರೆಪಾರದರ್ಶಕ ದ್ರವವಾಗಿತ್ತು. ವಾರದೊಳಗೆ ಡಬ್ಬಿ ಉಬ್ಬಿತು. ಎರಡು ತಿಂಗಳಲ್ಲಿ ಪಿಎಚ್ 8.2ರಿಂದ 6.8ಕ್ಕೆ ಇಳಿದು, ತಳದಲ್ಲಿ ಗಸಿ ಕೂತಿದೆ. ಡಿಎಂಪಿಎ ಹೆಚ್ಚಿಸಬೇಕೇ?

ಉತ್ತರ: ದಯವಿಟ್ಟು ಅವಸರಪಟ್ಟು ಹೆಚ್ಚಿಸಬೇಡಿ. ಆರಂಭದ ಆ ನೀಲಿ ಛಾಯೆ ಕಣಗಳು ಸಣ್ಣವಾಗಿಯೇ ಇದ್ದವು ಎಂಬುದಕ್ಕೆ ಸಾಕ್ಷಿ; ಡಿಎಂಪಿಎ ಕೊರತೆಯಿದ್ದರೆ ದ್ರವ ಮೊದಲ ದಿನವೇ ಹಾಲಿನಂತೆ ಬೆಳ್ಳಗಿರುತ್ತಿತ್ತು. ಅದನ್ನು ಏರಿಸಿದರೆ ಸ್ನಿಗ್ಧತೆ ಏರಿ, ಒಣಗಿದ ಪದರ ನೀರು ಹೀರತೊಡಗುತ್ತದೆ.

ನೀವು ನೋಡಬೇಕಾದದ್ದು ಪಿಎಚ್ ಇಳಿದ ಬಗೆಯನ್ನು. ಕಣಗಳನ್ನು ಪರಸ್ಪರ ದೂರ ಇಡುವುದು ಡಿಎಂಪಿಎಯಿಂದ ಬಂದ ಕಾರ್ಬಾಕ್ಸಿಲೇಟ್ ಗುಂಪಿನ ಋಣಾವೇಶ. ಆಮ್ಲ ಹೆಚ್ಚಿದಂತೆಲ್ಲ ಆ ಆವೇಶ ಕಳೆದು, ಕಣಗಳು ಒಂದಕ್ಕೊಂದು ಅಂಟಿ ತಳ ಸೇರುತ್ತವೆ.

ಆಮ್ಲಕ್ಕೆ ನಿಮ್ಮಲ್ಲಿ ಎರಡು ಮೂಲಗಳಿರುವಂತೆ ಕಾಣುತ್ತದೆ. ವಾರದೊಳಗೇ ಡಬ್ಬಿ ಉಬ್ಬಿದ್ದಕ್ಕೆ ಉಳಿದುಹೋದ ಐಸೊಸಯನೇಟ್ ಕಾರಣ ಎಂಬುದು ನನ್ನ ಬಲವಾದ ಅನುಮಾನ. ಅದು ನೀರಿನೊಂದಿಗೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ; ಆ ಅನಿಲ ಕರಗಿ ಪಿಎಚ್ ಅನ್ನೂ ಇಳಿಸುತ್ತದೆ. ಐಪಿಡಿಐಯಂತಹ ಅಲಿಫ್ಯಾಟಿಕ್ ಐಸೊಸಯನೇಟ್‌ಗಳು ನೀರಿನೊಂದಿಗೆ ನಿಧಾನವಾಗಿ ವರ್ತಿಸುವುದರಿಂದ, ರಿಯಾಕ್ಟರಿನಲ್ಲಿ ಮುಗಿಯಬೇಕಾದ ಕೆಲಸ ಡಬ್ಬಿಯೊಳಗೆ ಮುಂದುವರಿಯುತ್ತದೆ. ಡೈಅಮೈನ್ (ಉಳಿದ ಐಸೊಸಯನೇಟ್ ಜೊತೆ ಸೇರಿ ಸರಪಳಿ ಬೆಳೆಸುವ ವಸ್ತು) ಹಾಕಿದ ಮೇಲೆ ಇನ್ಫ್ರಾರೆಡ್ ರೋಹಿತದಲ್ಲಿ ಸೆಂಟಿಮೀಟರಿಗೆ ಸುಮಾರು 2270ರ ಬಳಿ ಬರುವ ಐಸೊಸಯನೇಟ್ ಶಿಖರ ಪೂರ್ತಿ ಮಾಯವಾಗುವವರೆಗೆ, ಅನಿಲ ಹೊರಹೋಗಲು ದಾರಿಯಿಟ್ಟು ಕಲಕುತ್ತಿರಿ. ಆಮೇಲೆ ಡಬ್ಬಿ ಮುಚ್ಚಿ. ಸೂಕ್ಷ್ಮಾಣುಗಳಿಂದಲೂ ಅನಿಲ ಹುಟ್ಟಬಹುದು. ದುರ್ವಾಸನೆಯಿದ್ದರೆ ಸಂರಕ್ಷಕದ ಪ್ರಮಾಣ ಪರೀಕ್ಷಿಸಿ.

ಇನ್ನು ಆಮ್ಲದ ಎರಡನೆಯ ಮೂಲ. ಮೊದಲ ವಾರಗಳ ನಂತರವೂ ಪಿಎಚ್ ಬಿಡದೆ ಇಳಿದಿದ್ದರೆ, ಪಾಲಿಯೆಸ್ಟರ್‌ನ ಎಸ್ಟರ್ ಬಂಧಗಳು ನೀರಿನಿಂದ ಒಡೆಯುತ್ತಿವೆ ಎಂದರ್ಥ. ಒಡೆದ ಪ್ರತಿ ಬಂಧವೂ ಒಂದು ಆಮ್ಲ ಗುಂಪನ್ನು ಬಿಡುತ್ತದೆ, ಬಿಸಿಯಲ್ಲಿ ಇದು ಚುರುಕಾಗುತ್ತದೆ. ಪಿಎಚ್ ಎತ್ತಲು ಅಮೈನ್ ಸುರಿಯುವವರಿದ್ದಾರೆ. ಗಸಿ ಕೂರುವ ಮುಂಚೆ ಸ್ವಲ್ಪ ಸೇರಿಸಿದರೆ ತಾತ್ಕಾಲಿಕವಾಗಿ ಉಪಯೋಗವಾದೀತು, ಆದರೆ ಅತಿಯಾದ ಕ್ಷಾರವೂ ಎಸ್ಟರನ್ನು ಒಡೆಯುತ್ತದೆ. ಕೂತ ಗಸಿಯಂತೂ ಮತ್ತೆ ಕರಗದು. ದೀರ್ಘಕಾಲ ಇಡುವ ಉತ್ಪನ್ನವಾದರೆ ಪಾಲಿಕಾರ್ಬೊನೇಟ್ ಅಥವಾ ಪಾಲಿಈಥರ್ ಪಾಲಿಯಾಲ್‌ಗೆ ಬದಲಾಯಿಸಿ. ಪಾಲಿಕಾರ್ಬೊನೇಟ್ ದುಬಾರಿಯಾದರೂ ಅದರ ಪದರ ಗಟ್ಟಿ.

ಅಯಾನುರಹಿತ ನೀರನ್ನೇ ಬಳಸಿ, ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಪಾಲಿಯುರೆಥೇನ್ ಕಣಗಳನ್ನು ಬೆಸೆಯುತ್ತದೆ. ಟ್ರೈಇಥೈಲ್ ಅಮೈನ್ 89 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ವಸ್ತು, ಮುಚ್ಚಳ ಸಡಿಲವಿದ್ದರೆ ಹಾರಿಹೋಗುತ್ತದೆ. ಡಬ್ಬಿ ಹೆಪ್ಪುಗಟ್ಟಲೂ ಬಿಡಬೇಡಿ.

ಮುಂದಿನ ತಯಾರಿಕೆಯ ಒಂದು ಮಾದರಿಯನ್ನು 50 ಡಿಗ್ರಿಯಲ್ಲೂ ಇನ್ನೊಂದನ್ನು ಕೋಣೆಯ ಉಷ್ಣತೆಯಲ್ಲೂ ನಾಲ್ಕು ವಾರ ಇಟ್ಟು, ವಾರಕ್ಕೊಮ್ಮೆ ಪಿಎಚ್, ಸ್ನಿಗ್ಧತೆ, ಕಣಗಾತ್ರ ಬರೆದಿಡಿ. ಪಿಎಚ್ ಸ್ಥಿರವಾಗಿದ್ದೂ ಕಣಗಾತ್ರ ಬೆಳೆದರೆ, ಆಗ ಡಿಎಂಪಿಎ ಪ್ರಮಾಣದ ಬಗ್ಗೆ ಯೋಚಿಸೋಣ.