1:10ರ ಮಾದರಿ 20 ಕಿಲೋ ಹೊತ್ತರೆ, ನಿಜವಾದ ಕಾಲುಸೇತುವೆ 20 ಟನ್ ಹೊರುತ್ತದೆಯೇ?

ಹೊರುವುದಿಲ್ಲ. ಹಾವೇರಿ ಕಡೆಯ ನಿಮ್ಮೂರಿನ ಹಳ್ಳಕ್ಕೆ ಕಾಲುಸೇತುವೆ ಹಾಕಲು ಹೊರಟಿದ್ದೀರಿ. ಎಲ್ಲ ಅಳತೆಯೂ ನಿಜದ ಹತ್ತನೇ ಒಂದಿರುವ, 1 ಕಿಲೋ ತೂಕದ ಕಬ್ಬಿಣದ ಮಾದರಿಯ ಮೇಲೆ 20 ಕಿಲೋ ಸಮನಾಗಿ ಹರಡಿ ನೋಡಿದ್ದೀರಿ. ಅಳತೆ ಹತ್ತು ಪಟ್ಟಾದರೆ ಬಲ ಸಾವಿರ ಪಟ್ಟು ಎಂದುಕೊಂಡು, ಇನ್ನೂ ನಿಖರವಾಗಲು 1:5ರ ಮಾದರಿ ಮಾಡಲೇ ಎಂದು ಕೇಳುತ್ತಿದ್ದೀರಿ. ಇದೇ ಲೆಕ್ಕವನ್ನು ನಂಬಿ ನಾನು ಬಹಳ ಹಣ ಕಳೆದುಕೊಂಡಿದ್ದೇನೆ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನ ಫ್ಯಾಬ್ರಿಕೇಷನ್ ಅಂಗಡಿ ಇದೆ. ಸಾವಿರ ಲೀಟರಿನ ನೀರಿನ ಟ್ಯಾಂಕು ಮತ್ತು ಅದರ ಸ್ಟ್ಯಾಂಡಿಗೆ ಆಗ ನನಗೆ ಒಳ್ಳೆಯ ಹೆಸರಿತ್ತು. ಉದ್ದ, ಅಗಲ, ಎತ್ತರ ಒಂದೊಂದು ಮೀಟರಿನ ಟ್ಯಾಂಕು. 50×50×6 ಮಿಲಿಮೀಟರಿನ ಆಂಗಲ್ಲಿನ (L ಆಕಾರದ ಕಬ್ಬಿಣದ ಪಟ್ಟಿಯ) ನಾಲ್ಕು ಕಾಲು, ಮೂರು ಮೀಟರ್ ಎತ್ತರ. ಪ್ರತಿ ಕಾಲಿನ ಕೆಳಗೆ 30 ಸೆಂಟಿಮೀಟರ್ ಚೌಕದ ಕಾಂಕ್ರೀಟು. ಅಣ್ಣಿಗೇರಿ ಬಳಿಯ ರೈತರೊಬ್ಬರು ಎಂಟು ಸಾವಿರ ಲೀಟರಿನದು ಬೇಕೆಂದರು. ಎರಡರ ಘನ ಎಂಟು ತಾನೇ? ಎಲ್ಲ ಅಳತೆಗಳನ್ನೂ ದುಪ್ಪಟ್ಟು ಮಾಡಿದೆ. 100×100×12ರ ಆಂಗಲ್, ಆರು ಮೀಟರ್ ಎತ್ತರ, 60 ಸೆಂಟಿಮೀಟರ್ ಚೌಕದ ಕಾಂಕ್ರೀಟು.

ತಪ್ಪಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಲೆಕ್ಕ ತಪ್ಪುತ್ತಿರುವುದೂ ಅಲ್ಲಿಯೇ. ನೀರು ಎಂಟು ಪಟ್ಟಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ತೂಕ ಹಾಕಿಸಿದಾಗ ಕಬ್ಬಿಣವೂ ಸರಿಯಾಗಿ ಎಂಟು ಪಟ್ಟು ತೂಗಿತು. ಹೊರೆ ಎಂಟು ಪಟ್ಟು, ಹೊರುವ ಕಬ್ಬಿಣವೂ ಎಂಟು ಪಟ್ಟು, ಇನ್ನೇನು ಕೊರತೆ ಎಂದು ಸಮಾಧಾನಪಟ್ಟುಕೊಂಡೆ. ಆದರೆ ಕಾಲು ಹೊರೆ ಹೊರುವುದು ತನ್ನ ತೂಕದಿಂದಲ್ಲ, ಅಡ್ಡ ಕೊಯ್ದಾಗ ಕಾಣುವ ಮುಖದ ವಿಸ್ತೀರ್ಣದಿಂದ. ಆ ವಿಸ್ತೀರ್ಣ ನಾಲ್ಕೇ ಪಟ್ಟಾಗಿತ್ತು. ಉಳಿದ ದುಪ್ಪಟ್ಟು ಕಬ್ಬಿಣ ಹೋದದ್ದು ಕಾಲಿನ ಉದ್ದಕ್ಕೆ. ಹಾಗಾಗಿ ಪ್ರತಿ ಚದರ ಸೆಂಟಿಮೀಟರ್ ಕಬ್ಬಿಣದ ಮೇಲೂ ಒತ್ತಡ ಇಮ್ಮಡಿಯಾಯಿತು. ಕಾಲು ಬಳುಕಿ ಡೊಂಕಾಗುವ ವಿಷಯದಲ್ಲೂ ಇದೇ ಕಥೆ: ತಡೆದುಕೊಳ್ಳುವ ಶಕ್ತಿ ನಾಲ್ಕು ಪಟ್ಟು, ಬೀಳುವ ಭಾರ ಎಂಟು ಪಟ್ಟು.

ಕಬ್ಬಿಣ ಹೇಗೋ ತಾಳಿಕೊಂಡಿತು, ನೆಲ ತಾಳಲಿಲ್ಲ. ನೀರಿನ ಭಾರವನ್ನಷ್ಟೇ ಹಿಡಿದರೂ ಚಿಕ್ಕ ಸ್ಟ್ಯಾಂಡಿನ ಪ್ರತಿ ಕಾಲಿಗೆ 250 ಕಿಲೋ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 280 ಗ್ರಾಂ. ದೊಡ್ಡದರಲ್ಲಿ ಕಾಲಿಗೆ 2,000 ಕಿಲೋ, ಚದರ ಸೆಂಟಿಮೀಟರಿಗೆ ಸುಮಾರು 560 ಗ್ರಾಂ. ಅಣ್ಣಿಗೇರಿಯದು ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಿರುತ್ತದೆ, ಮಳೆ ಹಿಡಿದರೆ ಸಡಿಲವಾಗುತ್ತದೆ. ಮೊದಲ ಮುಂಗಾರಿಗೇ ಒಂದು ಕಾಲು ಕುಸಿಯಿತು, ಕಾಲುಗಳನ್ನು ಬಿಗಿಹಿಡಿಯುವ ಓರೆಪಟ್ಟಿಗಳು ಬಿಲ್ಲಿನಂತೆ ಬಾಗಿದವು. "ನಿನ್ನ ಟ್ಯಾಂಕು ಮನೆಯ ಕಡೆಗೇ ವಾಲುತ್ತಿದೆ, ಬಂದು ನೋಡು ತಮ್ಮಾ" ಎಂದು ರೈತರು ಫೋನ್ ಮಾಡಿದರು. ನೀರು ಖಾಲಿ ಮಾಡಿಸಿ, ಕ್ರೇನಿನಿಂದ ಟ್ಯಾಂಕು ಇಳಿಸಿ, ನಾಲ್ಕೂ ಕಾಲಿಗೆ ಸೇರಿ ಒಂದೇ ಕಾಂಕ್ರೀಟ್ ಹಾಸು ಹಾಕಿ, ಸ್ಟ್ಯಾಂಡನ್ನು ಹೊಸದಾಗಿ ಕಟ್ಟಿಕೊಟ್ಟೆ, ಎಲ್ಲವೂ ನನ್ನ ಖರ್ಚಿನಲ್ಲಿ. ದೊಡ್ಡ ಪ್ರಾಣಿಯ ಮೂಳೆ ಚಿಕ್ಕದರ ಮೂಳೆಗಿಂತ ಉದ್ದಕ್ಕೆ ಹೋಲಿಸಿದರೂ ದಪ್ಪವಾಗಿರಬೇಕು ಎಂದು ಗೆಲಿಲಿಯೋ 1638ರಲ್ಲಿ ಅಚ್ಚಾದ ಪುಸ್ತಕದಲ್ಲಿ ಚಿತ್ರ ಬರೆದು ತೋರಿಸಿದ್ದು ನನಗೆ ಆಮೇಲೆ ಗೊತ್ತಾಯಿತು.

ಹಾಗೆಂದು ಮಾದರಿಯೇ ವ್ಯರ್ಥ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಹೊರಗೋಡೆಯನ್ನು ಹತ್ತಿರ ನಿಂತು ನೋಡಿ. ಗೋಡೆಯ ಮೇಲೆಯೇ ದೊಡ್ಡ ಶಿಖರದ ಮಾದರಿಗಳಂತಿರುವ ಪುಟ್ಟ ಶಿಖರಗಳಿವೆ. ಅಲ್ಲಿ ಅನುಪಾತ ಕಣ್ಣಿಗಾಗಿ ಇದೆ, ಆ ಕೆಲಸಕ್ಕೆ ಸಮರೂಪತೆ, ಅಂದರೆ ಎಲ್ಲ ಅಳತೆಯೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದು ಕುಗ್ಗುವುದು, ಸಾಕು. ಕಲ್ಲಿನ ಗೋಡೆ, ಕಮಾನುಗಳಲ್ಲಿ ಪುಟ್ಟ ಮಾದರಿ ನಿಂತರೆ ದೊಡ್ಡದೂ ಬಹುಮಟ್ಟಿಗೆ ನಿಲ್ಲುತ್ತದೆ. ಕಲ್ಲು ಪುಡಿಯಾಗುವ ಒತ್ತಡಕ್ಕಿಂತ ಅಲ್ಲಿಯ ಒತ್ತಡ ಎಷ್ಟೋ ಕಡಿಮೆ, ನಿಲ್ಲಿಸುವುದು ಆಕಾರ. ಆದರೆ ಅದೇ ಗುಡಿಯ ಕಲ್ಲಿನ ತೊಲೆಯನ್ನು ಎಲ್ಲ ಅಳತೆಯಲ್ಲೂ ಹಿಗ್ಗಿಸುತ್ತಾ ಹೋದರೆ ಒಂದು ದಿನ ತನ್ನ ಭಾರಕ್ಕೇ ಮುರಿಯುತ್ತದೆ. ನಿಮ್ಮ ಸೇತುವೆ ತೊಲೆಯ ಜಾತಿಗೆ ಸೇರಿದ್ದು.

ಈಗ ನಿಮ್ಮ ಲೆಕ್ಕ. ಅಳತೆ ಹತ್ತು ಪಟ್ಟಾದರೆ ತೂಕ ಸಾವಿರ ಪಟ್ಟು, ಆದರೆ ಅಡ್ಡ ಮುಖದ ವಿಸ್ತೀರ್ಣ ನೂರೇ ಪಟ್ಟು, ಹಾಗಾಗಿ ಬಲ ನೂರು ಪಟ್ಟು ಮಾತ್ರ. ಮಾದರಿಯ ತೂಕವೂ ಸೇರಿ 21 ಕಿಲೋಗೆ 2,100 ಕಿಲೋ. ಅದರಲ್ಲಿ ಸೇತುವೆಯ ಸ್ವಂತ ತೂಕವೇ 1,000 ಕಿಲೋ. ಉಳಿಯುವುದು 1,100 ಕಿಲೋ, 20 ಟನ್ ಅಲ್ಲ. ಅದೂ ನೀವು ಪರೀಕ್ಷಿಸಿದಷ್ಟಕ್ಕೆ, ಸುರಕ್ಷತೆಗೆಂದು ಏನನ್ನೂ ಬಿಡದೆ.

1:5ರ ಮಾದರಿಗೆ ಹಣ ಹಾಕಬೇಡಿ, ಇರುವುದನ್ನೇ ಸರಿಯಾಗಿ ಪರೀಕ್ಷಿಸಿ. ಮೊದಲು ಮಾದರಿಯ ಉದ್ದಕ್ಕೂ 9 ಕಿಲೋ ಸಮನಾಗಿ ತೂಗುಹಾಕಿ. ಮಾದರಿಯ 1 ಕಿಲೋ ಸೇರಿ 10 ಕಿಲೋ, ಅಂದರೆ ಸೇತುವೆಯ 1,000 ಕಿಲೋದ ನೂರನೇ ಒಂದು; ನಿಜವಾದ ಸೇತುವೆ ಖಾಲಿ ನಿಂತಾಗ ಅನುಭವಿಸುವ ಒತ್ತಡ ಆಗಷ್ಟೇ ಮಾದರಿಗೆ ಬರುತ್ತದೆ. ಆಮೇಲೆ ಏರಿಸುವ ಒಂದೊಂದು ಕಿಲೋವನ್ನೂ ನೂರು ಕಿಲೋ ಎಂದು ಓದಿ. ಇದು ನಡೆಯಬೇಕಾದರೆ ದಪ್ಪವೂ ಹತ್ತನೇ ಒಂದಿರಬೇಕು: 6 ಮಿಲಿಮೀಟರಿನ ಆಂಗಲ್ಲಿಗೆ ಮಾದರಿಯಲ್ಲಿ 0.6 ಮಿಲಿಮೀಟರಿನ ತಗಡು. ಬಹಳ ಜನ ಕೈಗೆ ಸಿಕ್ಕ ದಪ್ಪ ಪಟ್ಟಿ ಹಾಕಿ ಮಾದರಿ ಗಟ್ಟಿ ಎಂದು ಸಂತೋಷಪಡುತ್ತಾರೆ. ನಿಮ್ಮದು 1 ಕಿಲೋ ತೂಗುತ್ತದೆ ಎಂದರೆ ನನಗೆ ಆ ಅನುಮಾನವೂ ಇದೆ, ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ನೋಡಿ. ಜನ ಓಡಾಡುವ ಸೇತುವೆಯಾದ್ದರಿಂದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ನೋಡಿ ಸಹಿ ಹಾಕುವವರೆಗೆ ಕಬ್ಬಿಣ ಕೊಳ್ಳಬೇಡಿ.

ಹಳ್ಳದ ದಡ ಎರೆಯೋ ಮಸಾರಿಯೋ (ಕೆಂಪು ಮಣ್ಣೋ) ಎಂಬುದನ್ನು ನೀವು ಬರೆದಿಲ್ಲ. ಅದನ್ನು ತಿಳಿಸಿದರೆ ಬುನಾದಿಯ ಬಗ್ಗೆ ಪ್ರತ್ಯೇಕವಾಗಿ ಬರೆಯುತ್ತೇನೆ.